ಒಗೆಯುವ ಕಲ್ಲಿಗೆ ಒಗ್ಗದ ಬಟ್ಟೆ

ಶಿವರಾತ್ರಿ ಬಂದಿತೆಂದರೆ ಚಳಿಯು ‘ಶಿವ ಶಿವಾ’ ಎನ್ನುತ್ತ ಓಡಿಹೋಗುತ್ತದೆಂದು ನಮ್ಮ ಹಿರಿಯರು ಹೇಳುವುದುಂಟು. ಚಳಿಯ ಬೆನ್ನ ಹಿಂದೆಯೇ ಗೂಟದ ಮೇಲಿನ ಮಫ್ಲರುಗಳೂ, ಕುರ್ಚಿಯ ಬೆನ್ನಿಗೆ ತೂಗುತ್ತಿದ್ದ ಸ್ವೆಟರುಗಳೂ, ಹಾಸಿಗೆಯ ತಲೆದೆಸೆಯಲ್ಲಿದ್ದ ಶಾಲುಗಳೂ ಕಣ್ಮರೆಯಾಗುತ್ತವೆ. ಕೆಲವರ ಮನೆಯಲ್ಲಿ ಅವು ಹಾಗೆಯೇ ಟ್ರಂಕಿಗೆ ಇಳಿಯುತ್ತವೆ. ಮತ್ತೆ ಕೆಲವರ ಮನೆಯಲ್ಲಿ ಬಚ್ಚಲಿನ ದಾರಿ ಹಿಡಿಯುತ್ತವೆ. ಎರಡರಲ್ಲಿಯೂ ಅಪಾಯವಿದೆ. ಒಗೆಯದೆ ಇಟ್ಟ ಉಣ್ಣೆ ಹುಳುವಿನ ಪಾಲಾಗುತ್ತದೆ. ಒಗೆಯಲು ಬಾರದೆ ಒಗೆದ ಉಣ್ಣೆ ಯಾರ ಪಾಲಿಗೂ ಒದಗುವುದಿಲ್ಲ.

ಹತ್ತಿಯ ಬಟ್ಟೆ ಒಗೆಯುವ ವಿದ್ಯೆಯನ್ನು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾದುದಿಲ್ಲ. ಹಂಡೆಯ ಬಿಸಿನೀರು, ಒಂದು ಹಿಡಿ ಸೋಡ, ಕಲ್ಲಿನ ಮೇಲೆ ನಾಲ್ಕು ಬಡಿತ, ಇಬ್ಬರು ಎರಡು ತುದಿ ಹಿಡಿದು ಬಲವಾಗಿ ಹಿಂಡುವುದು, ಬಳಿಕ ಸುಡುಬಿಸಿಲು—ಈ ಐದೂ ಹತ್ತಿಗೆ ಸಲ್ಲುವ ಉಪಚಾರಗಳೇ. ಹತ್ತಿ ಗಿಡದ ನಾರು. ಅದು ಕ್ಷಾರಕ್ಕೆ ಅಷ್ಟಾಗಿ ಅಂಜುವುದಿಲ್ಲ. ಒದ್ದೆಯಾದಾಗ ಅದರ ಬಲ ಕುಂದುವುದಕ್ಕೆ ಬದಲಾಗಿ ತುಸು ಹೆಚ್ಚುತ್ತದೆ. ಆದುದರಿಂದಲೇ ಅಷ್ಟೊಂದು ಬಡಿತವನ್ನು ತಾಳಿಕೊಂಡು ಅದು ಮತ್ತೆ ಬೆಳ್ಳಗೆ ನಗುತ್ತದೆ. ಉಣ್ಣೆಯಾದರೋ ಗಿಡದ ನಾರಲ್ಲ, ಪ್ರಾಣಿಯ ಕೂದಲು. ನಮ್ಮ ತಲೆಗೂದಲಿನಂತೆಯೇ ಅದೂ ಕೆರಟಿನ್ ಎಂಬ ಪ್ರೋಟೀನಿನಿಂದ ಆದುದು. ಒದ್ದೆಯಾದಾಗ ಅದರ ಬಲ ಕುಗ್ಗುತ್ತದೆ. ಕ್ಷಾರವೆಂದರೆ ಅದಕ್ಕೆ ವಿಷ. ನೂರಕ್ಕೆ ಐದು ಪಾಲು ಕಾಸ್ಟಿಕ್ ಸೋಡ ಬೆರೆಸಿ ಕುದಿಸಿದ ನೀರಿನಲ್ಲಿ ಉಣ್ಣೆಯ ದಾರವೊಂದನ್ನು ಹಾಕಿದರೆ ಕೆಲವೇ ನಿಮಿಷಗಳಲ್ಲಿ ಅದು ಕರಗಿ ಇಲ್ಲವಾಗುತ್ತದೆ, ಹತ್ತಿಯ ದಾರ ಹಾಗೆಯೇ ಉಳಿಯುತ್ತದೆ. ಪ್ರಯೋಗಶಾಲೆಗಳಲ್ಲಿ ಎರಡರ ಬೆರಕೆಯನ್ನು ಕಂಡುಹಿಡಿಯುವ ಬಗೆಯೇ ಇದು. (ಮನೆಯಲ್ಲಿ ಯಾರೂ ಇದನ್ನು ಪರೀಕ್ಷಿಸಿ ನೋಡುವುದು ಬೇಡ, ಕಾಸ್ಟಿಕ್ ಸೋಡ ಉಣ್ಣೆಯನ್ನು ಕರಗಿಸುವಂತೆ ಕೈಯ ಚರ್ಮವನ್ನೂ ಸುಡುತ್ತದೆ.)

ನಮ್ಮ ಪರಿಚಿತರ ಮನೆಯೊಂದರಲ್ಲಿ ನಡೆದ ಸಂಗತಿ. ಸ್ಕಾಟ್ಲೆಂಡಿನಲ್ಲಿ ಓದುತ್ತಿದ್ದ ಮಗ ತಂದೆಗೆಂದು ಬೂದುಬಣ್ಣದ ಕ್ಯಾಶ್ಮೀರ್ ಸ್ವೆಟರೊಂದನ್ನು ತಂದಿದ್ದ. ಮೊದಲ ಸಂಬಳವೂ ಅಲ್ಲ, ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣ. ತಂದೆ ಅದನ್ನು ಎರಡು ಚಳಿಗಾಲ ದೇವರ ಪ್ರಸಾದದಂತೆ ತೊಟ್ಟರು. ಮೂರನೆಯ ವರ್ಷ ಮನೆಯ ಯಾರೋ ಅದನ್ನು ಪಂಚೆ, ಟವಲುಗಳ ಜೊತೆಯಲ್ಲಿ ಯಂತ್ರಕ್ಕೆ ಹಾಕಿ ಬಿಸಿನೀರಿನ ಗುಂಡಿ ಒತ್ತಿದರು. ಮುಕ್ಕಾಲು ಗಂಟೆಯಲ್ಲಿ ಹೊರಬಂದ ವಸ್ತುವು ಆರು ವರ್ಷದ ಮೊಮ್ಮಗನಿಗೂ ಬಿಗಿಯಾಗುವಂತಿತ್ತು; ಮುಟ್ಟಿದರೆ ಚಾಪೆಯ ದಪ್ಪ. “ಹೋಗಲಿ ಬಿಡಿ, ಬಟ್ಟೆ ತಾನೆ” ಎಂದರಂತೆ ಆ ಹಿರಿಯರು. ಆದರೆ ಅದನ್ನು ಎಸೆಯಲು ಯಾರಿಗೂ ಬಿಡಲಿಲ್ಲವಂತೆ.

ಈ ಕುಗ್ಗುವಿಕೆಯ ಗುಟ್ಟೇನು? ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅದರ ಮೈಮೇಲೆ ಪುಟ್ಟ ಪುಟ್ಟ ಹೊಪ್ಪಳೆಗಳು ಮಂಗಳೂರು ಹೆಂಚು ಹೊದಿಸಿದ ಮಾಡಿನಂತೆ ಒಂದರ ಮೇಲೊಂದು ಸಾಲಾಗಿ ಕುಳಿತಿರುವುದು ಕಾಣುತ್ತದೆ. ಎಲ್ಲವೂ ಬುಡದಿಂದ ತುದಿಯ ಕಡೆಗೆ ಬಾಗಿರುತ್ತವೆ. ಹುಲ್ಲಿನ ತೆನೆಯನ್ನು ಅಂಗಿಯ ತೋಳಿನೊಳಗೆ ಸೇರಿಸಿ ಕೈಯಾಡಿಸುವ ಮಕ್ಕಳ ಆಟ ನೆನಪಿರಬೇಕಲ್ಲವೆ? ಕೈ ಹೇಗೆ ಆಡಿದರೂ ತೆನೆ ಒಂದೇ ದಿಕ್ಕಿಗೆ ತೆವಳುತ್ತ ಮೇಲೇರುತ್ತದೆ, ಹಿಂದಕ್ಕೆ ಬಾರದು. ಉಣ್ಣೆಯೂ ಹಾಗೆಯೇ. ಬಿಸಿನೀರಿನಲ್ಲಿ ನೆನೆದು ಕ್ಷಾರ ತಾಗಿದಾಗ ಹೊಪ್ಪಳೆಗಳು ಸಡಿಲಗೊಂಡು ಏಳುತ್ತವೆ. ತಿಕ್ಕಿದಾಗಲೆಲ್ಲ ಒಂದೊಂದು ಎಳೆಯೂ ತನ್ನ ಬುಡದ ದಿಕ್ಕಿಗೆ ಸರಿಯುತ್ತ ನೆರೆಯ ಎಳೆಗಳ ಹೊಪ್ಪಳೆಗಳಿಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ಸಾವಿರಾರು ಎಳೆಗಳು ಒಂದನ್ನೊಂದು ಬಿಗಿದುಕೊಂಡ ಮೇಲೆ ಅವನ್ನು ಬಿಡಿಸುವ ಉಪಾಯವಿಲ್ಲ. ಮೊಸರಾದ ಹಾಲು ಮತ್ತೆ ಹಾಲಾಗದು.

ಇದರಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಎಲ್ಲರೂ ಬಿಸಿನೀರನ್ನು ದೂರುತ್ತಾರೆ. ಆದರೆ ಬಿಸಿನೀರು ಬಾಗಿಲು ತೆರೆಯುವ ಚಾಕರ ಮಾತ್ರ. ಒಳನುಗ್ಗುವ ಕಳ್ಳ ತಿಕ್ಕಾಟವೇ. ತಣ್ಣೀರಿನಲ್ಲಿಯೇ ಆದರೂ ಸ್ವೆಟರನ್ನು ಕಾಲರ್ ತಿಕ್ಕುವಂತೆ ತಿಕ್ಕಿದರೆ ತಿಕ್ಕಿದ ಜಾಗ ಗಟ್ಟಿಯಾಗುತ್ತದೆ. ಕೊಳೆ ಹೋಗಬೇಕಾದರೆ ತೋಳಿನ ಬಲ ಬೇಕೆಂಬ ನಂಬಿಕೆ ನಮ್ಮಲ್ಲಿ ರಕ್ತಗತವಾಗಿದೆ. ಉಣ್ಣೆಯ ಮಟ್ಟಿಗೆ ಅದನ್ನು ಬಿಟ್ಟುಬಿಡಬೇಕು. ಇಲ್ಲಿ ಕೆಲಸ ಮಾಡುವುದು ನೀರು. ನಾವು ಆದಷ್ಟು ಸುಮ್ಮನಿರಬೇಕು.

ಒಬ್ಬರ ಮನೆಯಲ್ಲಿ ಅನಾಹುತವಾದುದು ಇನ್ನೊಬ್ಬರಿಗೆ ಕಸಬು. ಕಾಶ್ಮೀರದ ನಮ್ದಾ ಎಂಬ ನೆಲಹಾಸನ್ನು ನೇಯುವುದಿಲ್ಲ. ಉಣ್ಣೆಯನ್ನು ಹರಡಿ, ನೀರು ಸಬಕಾರ ಚಿಮುಕಿಸಿ, ಸುರುಳಿ ಸುತ್ತಿ ತುಳಿದು ತುಳಿದು ಗಟ್ಟಿ ಮಾಡುತ್ತಾರೆ. ನಮ್ಮ ಚಿತ್ರದುರ್ಗ, ಚಳ್ಳಕೆರೆಗಳ ಸೀಮೆಯ ಕುರುಬರ ಕರಿಯ ಕಂಬಳಿಯ ದಾರಿ ಬೇರೆ: ಹುಣಿಸೆಬೀಜದ ಗಂಜಿ ಉಣಿಸಿದ ಒರಟು ನೂಲಿನಲ್ಲಿ ಅದನ್ನು ನೇಯುತ್ತಾರೆ, ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುತ್ತದೆ, ಮಳೆಗೆ ಸುಲಭವಾಗಿ ಜಗ್ಗದು. ದಖ್ಖನಿ ಕುರಿಯ ಆ ಎಳೆ 30 ಮೈಕ್ರಾನ್ ಮೀರಿದ ದಪ್ಪದ್ದು. ಅದನ್ನು ಯಾರೂ ವಾರಕ್ಕೊಮ್ಮೆ ಒಗೆಯುವುದಿಲ್ಲ, ಒಗೆಯಬೇಕಾದುದೂ ಇಲ್ಲ. ಮಡಿಗೆ ಉಣ್ಣೆಯ ಧಾವಳಿಯನ್ನು ಉಡುವ ಮನೆಗಳಲ್ಲಿಯೂ ಅಷ್ಟೆ, ನಿತ್ಯ ನೀರಿಗೆ ಹಾಕುವ ಪದ್ಧತಿ ಅದಕ್ಕಿರಲಿಲ್ಲ. ಇದರ ಶಾಸ್ತ್ರಾರ್ಥ ಏನೇ ಇರಲಿ, ಉಣ್ಣೆಯ ಆರೋಗ್ಯಕ್ಕೆ ಆ ರೂಢಿ ಬಹಳ ಹಿತವಾಗಿತ್ತು. ಒಮ್ಮೆ ತೊಟ್ಟ ಸ್ವೆಟರನ್ನು ನೆರಳಿನ ಗಾಳಿಗೆ ಹರಡಿ, ಮೃದುವಾದ ಬ್ರಷ್ಷಿನಿಂದ ಧೂಳು ಕೊಡವಿದರೆ ಎಷ್ಟೋ ದಿನ ಒಗೆಯುವ ಅಗತ್ಯವೇ ಬಾರದು. ಮೈಗೆ ನೇರವಾಗಿ ತಾಗುವ ಉಣ್ಣೆಯನ್ನು ಬಿಟ್ಟರೆ ಮಿಕ್ಕವನ್ನು ಚಳಿಗಾಲಕ್ಕೆ ಒಂದೆರಡು ಸಲ ಒಗೆದರೆ ಸಾಕು. ಅದರಲ್ಲಿ ಒಂದು ಸಲ ಟ್ರಂಕಿಗೆ ಇಡುವ ಮುನ್ನ, ತಪ್ಪದೆ.

ಬೋಗುಣಿಯ ಬಳಿ

ಮೊದಲು ಬಟ್ಟೆ ಯಾವುದೆಂದು ತಿಳಿಯಬೇಕು. ಅಂಗಡಿಯಲ್ಲಿ ಕ್ಯಾಶ್ಮಿಲಾನ್ ಎಂಬ ನೂಲನ್ನು ಕೊಂಡು ಹೆಣೆದವರು ಎಷ್ಟೋ ಮಂದಿ ಅದರಲ್ಲಿ ಕಾಶ್ಮೀರದ ಉಣ್ಣೆ ಇದೆಯೆಂದೇ ತಿಳಿದಿದ್ದಾರೆ. ಅದು ಕಾರ್ಖಾನೆಯಲ್ಲಿ ತಯಾರಾದ ಅಕ್ರಿಲಿಕ್ ನೂಲು. ಕುರಿಗೂ ಮೇಕೆಗೂ ಅದರ ಸಂಬಂಧವಿಲ್ಲ. ಸಭೆಗಳಲ್ಲಿ ಹೊದಿಸುವ ಸನ್ಮಾನದ ಶಾಲುಗಳ ವಿಷಯವನ್ನಂತೂ ಕೆದಕದಿರುವುದೇ ಲೇಸು. ಅನುಮಾನವಿದ್ದರೆ ಅಂಚಿನ ಒಂದು ದಾರ ಕಿತ್ತು, ಇಕ್ಕಳದಲ್ಲಿ ಹಿಡಿದು, ಬಚ್ಚಲಲ್ಲಿ ಉರಿ ಸೋಕಿಸಿ ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಕೊಂಡ ಉಡುಪಿನ ಒಳಗಿರುವ ಚೀಟಿಯನ್ನೂ ಓದಬೇಕು. ನೀರು ತುಂಬಿದ ತೊಟ್ಟಿಯಲ್ಲಿ ಕೈ ಅದ್ದಿದ ಚಿತ್ರವಿದ್ದರೆ ಕೈಯಲ್ಲಿ ಒಗೆಯಬಹುದು; ತೊಟ್ಟಿಯ ಮೇಲೆ ಅಡ್ಡಗೆರೆಗಳಿದ್ದರೆ ನೀರೇ ಕೂಡದು. ‘ಸೂಪರ್‌ವಾಶ್’ ಎಂದು ಬರೆದಿದ್ದರೆ ಅದರ ಹೊಪ್ಪಳೆಗಳನ್ನು ನುಣುಪು ಮಾಡಿ ರಾಳದಂತಹ ಲೇಪ ಕೊಟ್ಟಿರುತ್ತಾರೆ. ಅದನ್ನು ಯಂತ್ರದ ಉಣ್ಣೆಯ ಸುತ್ತಿಗೆ ಧೈರ್ಯವಾಗಿ ಹಾಕಬಹುದು.

ನೀರು 30 ಡಿಗ್ರಿ ಸೆಂಟಿಗ್ರೇಡ್ ಮೀರಬಾರದು. ಕೂಸಿಗೆ ಎರೆಯುವ ನೀರಿನಷ್ಟೂ ಬಿಸಿ ಬೇಡ. ಫಾಲ್ಗುಣದಲ್ಲಿ ನಮ್ಮ ಊರುಗಳ ನಲ್ಲಿಯ ನೀರು ಇದ್ದಂತೆಯೇ ಸಾಕು. ಎಷ್ಟು ಬಾರಿ ನೀರು ಬದಲಿಸಿದರೂ ಅದೇ ಹದದ ನೀರೇ ಇರಬೇಕೆಂಬುದು ಮುಖ್ಯ. ಉಗುರುಬೆಚ್ಚಗಿನ ನೀರಿನಿಂದ ತೆಗೆದು ತಣ್ಣೀರಿಗೆ ಹಾಕುವುದು, ಮತ್ತೆ ಬಿಸಿನೀರಿಗೆ ತರುವುದು ಉಣ್ಣೆಗೆ ಸಹಿಸದು.

ಸಬಕಾರದ ವಿಷಯದಲ್ಲಿ ನಮ್ಮ ಅಜ್ಜಿಯಂದಿರು ನಮಗಿಂತ ಜಾಣರಾಗಿದ್ದರು. ರೇಷ್ಮೆ ಸೀರೆಗೂ ಬಂಗಾರದ ಒಡವೆಗೂ ಅವರು ಬಳಸುತ್ತಿದ್ದ ಅಂಟುವಾಳದ ಕಾಯಿಯೇ ಉಣ್ಣೆಗೂ ಒಳ್ಳೆಯ ಮದ್ದು. ಉತ್ತರದವರು ಇದನ್ನೇ ರೀಠಾ ಎಂದು ಕರೆಯುತ್ತಾರೆ. ಪಶ್ಮೀನಾ ಶಾಲುಗಳನ್ನು ಇದರಲ್ಲಿ ಒಗೆಯುವುದು ಹಳೆಯ ಸಂಪ್ರದಾಯ. ಬೀಜ ತೆಗೆದ ಒಂದು ಹಿಡಿ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿ ಬೋಗುಣಿಯ ನೀರಿಗೆ ಬೆರೆಸಿದರೆ ನೊರೆ ಬರುತ್ತದೆ. ಇದರಲ್ಲಿ ಕ್ಷಾರವಿಲ್ಲ. ಅಚ್ಚ ಬಿಳಿಯ ಉಣ್ಣೆಗೆ ಮಾತ್ರ ಇದರ ಕಂದು ಛಾಯೆ ತಗಲೀತು. ಅದಕ್ಕೆ ತಲೆಗೆ ಹಚ್ಚುವ ಸಾಧಾರಣ ಶಾಂಪೂ ಆಗಲಿ, ಉಣ್ಣೆಗೆಂದೇ ಮಾರುವ ದ್ರವವಾಗಲಿ ಒಂದೆರಡು ಚಮಚ ಸಾಕು. ಈಗಿನ ಬಟ್ಟೆಪುಡಿಗಳಲ್ಲಿ ಅನ್ನ ಸಾರಿನ ಕಲೆ ಕಳೆಯಲೆಂದು ಪ್ರೋಟೀನನ್ನು ಜೀರ್ಣಿಸುವ ಕಿಣ್ವಗಳನ್ನು ಬೆರೆಸುವುದು ಸಾಮಾನ್ಯ. ಉಣ್ಣೆಯೇ ಪ್ರೋಟೀನು ಎಂಬುದನ್ನು ಆ ಕಿಣ್ವಕ್ಕೆ ಹೇಳುವವರು ಯಾರು? ಕಲೆಯೊಡನೆ ಎಳೆಯನ್ನೂ ಅದು ಮೆಲ್ಲುತ್ತದೆ. ಬ್ಲೀಚಿಂಗ್ ಪುಡಿಯಂತೂ ಹತ್ತಿರ ಸುಳಿಯಲೇಬಾರದು. ಕೊಳವೆಬಾವಿಯ ಗಡಸು ನೀರಿರುವ ಬಡಾವಣೆಗಳಲ್ಲಿ ಸಬಕಾರದ ಬಿಲ್ಲೆ ಬಳಸಿದರೆ ನೀರಿನ ಸುಣ್ಣದೊಡನೆ ಅದು ಸೇರಿ ಬೂದುಬಣ್ಣದ ಜಿಗುಟಾಗಿ ಉಣ್ಣೆಗೆ ಹತ್ತಿಕೊಳ್ಳುತ್ತದೆ. ಅಂತಹ ಕಡೆ ಶಾಂಪೂವೇ ಮೇಲು.

ಸ್ವೆಟರನ್ನು ನೀರಿಗಿಳಿಸುವ ಮೊದಲು ದೊಡ್ಡ ಕಾಗದದ ಮೇಲೆ ಹರಡಿ ಅದರ ಸುತ್ತಲೂ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟುಕೊಳ್ಳಿ. ಬಣ್ಣದ್ದಾದರೆ ಒಳಮಡಿಕೆಯ ಮೇಲೆ ಒದ್ದೆಯಾದ ಬಿಳಿಬಟ್ಟೆಯನ್ನು ಒತ್ತಿ ಬಣ್ಣ ಬಿಡುವುದೋ ಎಂದು ನೋಡಿ. ಬಳಿಕ ಒಳಹೊರಗು ಮಾಡಿ ನೀರಿನಲ್ಲಿ ಮುಳುಗಿಸಿ, ಹತ್ತು ನಿಮಿಷ ಬಿಟ್ಟು, ಎರಡು ಅಂಗೈಗಳಿಂದ ಮೆಲ್ಲಗೆ ಒತ್ತಿ ಬಿಡಿ, ಒತ್ತಿ ಬಿಡಿ. ತಿರುಚುವಂತಿಲ್ಲ. ಎತ್ತುವಾಗ ಹೆಗಲು ಹಿಡಿದೆತ್ತಿದರೆ ನೀರಿನ ಭಾರಕ್ಕೆ ಮೊಳದುದ್ದ ಜಗ್ಗುತ್ತದೆ. ಮಲಗಿದ ಕೂಸನ್ನು ಎತ್ತುವಂತೆ ಕೆಳಗಿನಿಂದ ಎರಡೂ ಕೈ ಕೊಟ್ಟು ಎತ್ತಬೇಕು. ನೊರೆ ಹೋಗುವವರೆಗೆ ಎರಡು ಮೂರು ಸಲ ನೀರು ಬದಲಿಸಿ, ಕೊನೆಯ ನೀರಿಗೆ ಒಂದು ಚಮಚ ವಿನಿಗರ್ ಹಾಕಿದರೆ ಉಳಿದ ಕ್ಷಾರವೂ ಕಳೆದು ಎಳೆ ನುಣುಪಾಗುತ್ತದೆ. ಆಮೇಲೆ ದಪ್ಪ ಟವಲಿನ ಮೇಲೆ ಹಾಸಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ, ಸುರುಳಿಯನ್ನು ಮೇಲಿನಿಂದ ಒತ್ತಿದರೆ ನೀರೆಲ್ಲ ಟವಲಿಗೆ ಇಳಿಯುತ್ತದೆ.

ಒಣಗಿಸಲು ಹಗ್ಗ ಬೇಡ. ಗಾಳಿಯಾಡುವ ನೆರಳಿನಲ್ಲಿ, ಒಣ ಟವಲು ಹಾಸಿದ ಮಂಚದ ಮೇಲೋ ಚಾಪೆಯ ಮೇಲೋ ಮಲಗಿಸಿ, ಮೊದಲೇ ಬರೆದಿಟ್ಟ ಗೆರೆಗೆ ಸರಿಯಾಗಿ ಕೈಯಿಂದ ಸವರಿ ಹೊಂದಿಸಬೇಕು. ತುಸು ಕುಗ್ಗಿದ್ದರೆ ಒದ್ದೆಯಿದ್ದಾಗಲೇ ಮೆಲ್ಲಗೆ ಎಳೆದು ಹಿಂದಿನ ಅಳತೆಗೆ ತರಬಹುದು. ಗಟ್ಟಿಯಾಗಿ ಹೆಪ್ಪುಗಟ್ಟಿದ್ದನ್ನು ಮಾತ್ರ ಯಾವ ಎಳೆತವೂ ಸರಿಪಡಿಸಲಾರದು. ಕಡು ಬಿಸಿಲಿಗೆ ಬಿಳಿಯ ಉಣ್ಣೆ ಹಳದಿಯಾಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿಕೊಂಡಿದ್ದರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಕೈಗೆ ಒಣಗಿದಂತೆ ತೋರಿತೆಂದು ಒಡನೆಯೇ ಟ್ರಂಕಿಗೆ ತುಂಬಿದರೆ ಬೂಷ್ಟು ಹಿಡಿಯುವುದು ಇದರಿಂದಲೇ. ಒಂದು ದಿನ ಹೆಚ್ಚು ಕಾದರೆ ನಷ್ಟವೇನೂ ಇಲ್ಲ.

ಕಲೆಗಳ ಮಾತು ಬಂದರೆ ನಮ್ಮ ಮನೆಗಳಲ್ಲಿ ಮೊದಲನೆಯದು ಅರಸಿನ. ಸಾರಿನ ಹನಿ ಬಿದ್ದ ಜಾಗಕ್ಕೆ ಸಬಕಾರ ತಾಗಿದೊಡನೆ ಅದು ಕೆಂಪಗಾಗುವುದನ್ನು ಕಂಡು ಗಾಬರಿಗೊಳ್ಳುವವರಿದ್ದಾರೆ. ಅರಸಿನ ಕ್ಷಾರಕ್ಕೆ ಕೆಂಪಾಗುವುದು ಅದರ ಸ್ವಭಾವ. ಅರಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಬಿದ್ದ ಕೂಡಲೇ ತಣ್ಣೀರಿನ ಬಟ್ಟೆಯಿಂದ ಒತ್ತಿ ಹೀರಿಸಿ, ಉಳಿದುದನ್ನು ಸ್ವಲ್ಪ ಹೊತ್ತು ಬಿಸಿಲಿಗೆ ತೋರಿಸಿದರೆ ಬಣ್ಣ ಬಹುಮಟ್ಟಿಗೆ ಮಾಸುತ್ತದೆ. ಎಣ್ಣೆಯ ಕಲೆಗೆ ಮುಖಕ್ಕೆ ಹಚ್ಚುವ ಟಾಲ್ಕಂ ಪುಡಿ ಉದುರಿಸಿ, ಕೆಲವು ಗಂಟೆ ಬಿಟ್ಟು ಕೊಡವಿ.

ಕಾಶ್ಮೀರದ ಎಳೆ

ಇಷ್ಟೆಲ್ಲ ಜಾಗರೂಕತೆ ಕುರಿಯ ಉಣ್ಣೆಗೇ ಬೇಕಾದರೆ ಪಶ್ಮೀನಾದ ಮಾತೇನು! ಪಶ್ಮ್ ಎಂದರೆ ಪಾರಸಿಯಲ್ಲಿ ಉಣ್ಣೆ. ಕ್ಯಾಶ್ಮೀರ್ ಎಂಬುದು ಕಾಶ್ಮೀರ ಶಬ್ದದ ಹಳೆಯ ಯೂರೋಪಿಯನ್ ಉಚ್ಚಾರ. ಇಂದು ಲೋಕದ ಕ್ಯಾಶ್ಮೀರ್ ಉಣ್ಣೆಯ ಬಹುಪಾಲು ಚೀನಾ ಮಂಗೋಲಿಯಗಳಿಂದ ಬರುತ್ತದೆಯಾದರೂ ಹೆಸರು ಮಾತ್ರ ನಮ್ಮ ಕಣಿವೆಯದೇ. ಆ ಕಣಿವೆಯ ನೇಕಾರರಿಗೆ ಉಣ್ಣೆ ಒದಗುವುದು ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯಿಂದ. ಸಮುದ್ರಮಟ್ಟಕ್ಕೆ 4000 ಮೀಟರಿಗೂ ಮೇಲಿನ ಆ ಬಯಲಿನಲ್ಲಿ ಚಾಂಗ್‌ಪಾ ಜನರು ಮೇಕೆಗಳನ್ನು ಮೇಯಿಸುತ್ತಾರೆ. ಕೊರೆಯುವ ಚಳಿಗೆ ಮೇಕೆಯ ಹೊರಗೂದಲಿನ ಕೆಳಗೆ ಹೂವಿನ ಕೇಸರದಂತಹ ನವಿರು ಬೆಳೆಯುತ್ತದೆ. ಚಳಿ ಇಳಿದಾಗ ತಾನಾಗಿ ಸಡಿಲವಾಗುವ ಅದನ್ನು ಬಾಚಿ ತೆಗೆಯುತ್ತಾರೆ. ಒಂದು ಮೇಕೆಯಿಂದ ವರ್ಷಕ್ಕೆ ಕಾಲು ಕಿಲೋ ಕೂಡ ದೊರೆಯದು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿದ್ದರೆ ಇದು 12ರಿಂದ 16 ಮೈಕ್ರಾನ್. ‘ಕಾಶ್ಮೀರ ಪಶ್ಮೀನಾ’ಕ್ಕೆ 2008ರಲ್ಲಿ ಭೌಗೋಳಿಕ ಸೂಚಿಯ ರಕ್ಷಣೆ ದೊರೆಯಿತು. ಉಂಗುರದೊಳಗೆ ತೂರುವ ಶಾಲೆಲ್ಲ ಪಶ್ಮೀನಾವೆಂದು ನಂಬುವವರಿಗೆ ಒಂದು ಮಾತು: ಆ ಪರೀಕ್ಷೆಯಿಂದ ಬಟ್ಟೆ ತೆಳುವೆಂದು ತಿಳಿಯುತ್ತದೆಯೇ ಹೊರತು ಯಾವ ಎಳೆಯದೆಂದು ತಿಳಿಯುವುದಿಲ್ಲ.

ಬಣ್ಣ ಬಿಡದ, ಕಸೂತಿಯಿಲ್ಲದ ಸಾದಾ ಶಾಲನ್ನು ಮೇಲೆ ಹೇಳಿದಂತೆಯೇ, ಇನ್ನಷ್ಟು ಮೃದುವಾಗಿ, ಐದೇ ನಿಮಿಷ ನೆನೆಸಿ ಮನೆಯಲ್ಲಿ ತೊಳೆಯಬಹುದು. ಸೋಜ್ನಿ ಕಸೂತಿಯದಾಗಲಿ, ಕಾನಿ ನೇಯ್ಗೆಯದಾಗಲಿ, ಅಜ್ಜಿಯಿಂದ ಬಂದುದಾಗಲಿ ಆದರೆ ಮನೆಯಲ್ಲಿ ಸಾಹಸ ಬೇಡ. ತಿಳಿದವರ ಬಳಿ ಡ್ರೈಕ್ಲೀನ್ ಮಾಡಿಸಿ, ಅವರು ಕೊಟ್ಟ ಪ್ಲಾಸ್ಟಿಕ್ ಚೀಲವನ್ನು ಅಂದೇ ತೆಗೆದುಹಾಕಿ, ಗಾಳಿಗೆ ಹರಡಿಡಿ. ಕ್ಯಾಶ್ಮೀರ್ ಸ್ವೆಟರಿನ ಕಂಕುಳಲ್ಲಿ, ತೋಳಿನಲ್ಲಿ ಏಳುವ ಸಣ್ಣ ಗುಂಜುಗಳು ಕಳಪೆಯ ಗುರುತೆಂದು ಹಲವರು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುತ್ತಾರೆ. ಎಳೆ ಗಿಡ್ಡವಾದುದರಿಂದ ಮೊದಮೊದಲು ಹಾಗಾಗುವುದು ಸಹಜ. ಕಿತ್ತರೆ ಮತ್ತಷ್ಟು ಎಳೆ ಬರುತ್ತವೆ. ಹಲ್ಲು ಸಣ್ಣಗಿರುವ ಬಾಚಣಿಗೆಯಿಂದ ಬಾಚಬೇಕು, ಇಲ್ಲವೆ ಪುಟ್ಟ ಕತ್ತರಿಯಿಂದ ತೆಗೆಯಬೇಕು.

ಟ್ರಂಕಿನೊಳಗಿನ ಶತ್ರು

ದೀಪದ ಸುತ್ತ ಹಾರುವ ಹುಳುವನ್ನು ಕಂಡು ಉಣ್ಣೆಯ ನುಸಿಯೆಂದು ಹೊಡೆಯುವವರಿದ್ದಾರೆ. ಪಾಪ, ಅದು ನಿರಪರಾಧಿ. ಬಟ್ಟೆಯ ನುಸಿ ಬೆಳಕಿಗೆ ಬಾರದು. ಹೊಂಬಣ್ಣದ ಆ ಪುಟ್ಟ ಪತಂಗ ಟ್ರಂಕಿನ ಕತ್ತಲೆಯನ್ನೇ ಹುಡುಕುತ್ತದೆ. ತಿನ್ನುವುದೂ ಅದಲ್ಲ, ಅದರ ಮರಿಹುಳು. ಕೆರಟಿನನ್ನು ಅರಗಿಸಿಕೊಳ್ಳಬಲ್ಲ ಕೆಲವೇ ಜೀವಿಗಳಲ್ಲಿ ಇದೊಂದು. ಬರಿಯ ಉಣ್ಣೆಗಿಂತ ಬೆವರು, ಅಡುಗೆಯ ಎಣ್ಣೆ, ಚೆಲ್ಲಿದ ಕಾಫಿ ಅಂಟಿದ ಉಣ್ಣೆ ಅದಕ್ಕೆ ಹೆಚ್ಚು ರುಚಿ. ಕಾಲರಿನ ಬಳಿಯೂ ಕಂಕುಳಲ್ಲಿಯೂ ತೂತುಗಳು ಹೆಚ್ಚಾಗಿ ಕಾಣುವುದು ಇದೇ ಕಾರಣಕ್ಕೆ. ಒಗೆದು ಚೆನ್ನಾಗಿ ಒಣಗಿಸಿ ಇಟ್ಟರೆ ಅರ್ಧ ಯುದ್ಧ ಗೆದ್ದಂತೆಯೇ. ಶುಭ್ರವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿಡಿ. ಹುಳು ಬಿದ್ದಿದೆಯೆಂಬ ಗುಮಾನಿಯಿದ್ದರೆ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರಿಜ್ಜಿನ ಹಿಮದ ಅರೆಯಲ್ಲಿ, 18 ಡಿಗ್ರಿ ಮೈನಸ್ಸಿನಲ್ಲಿ ಇಟ್ಟರೆ ಮೊಟ್ಟೆಮರಿಗಳೆಲ್ಲ ಸಾಯುತ್ತವೆ.

ಬೇವಿನ ಎಲೆ, ಬಜೆ, ಲಾವಂಚಗಳನ್ನು ಇಡುವ ಪದ್ಧತಿ ನಮ್ಮಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಗೆ ಹೋಗುತ್ತಿದ್ದ ಕಾಶ್ಮೀರಿ ಶಾಲುಗಳ ನಡುವೆ ಪಚೌಲಿ ಎಂಬ ಎಲೆಯನ್ನು ಇಡುತ್ತಿದ್ದರು; ಅದು ನಮ್ಮ ಹೆಂಗಳೆಯರು ಹೂವಿನೊಡನೆ ಮುಡಿಯುವ ಪಚ್ಚೆತೆನೆಯ ಬಳಗದ ಗಿಡ. ಆ ಪರಿಮಳವಿಲ್ಲದ ಶಾಲು ಅಸಲಿಯಲ್ಲವೆಂದು ಅಲ್ಲಿನ ಶ್ರೀಮಂತ ಮಹಿಳೆಯರು ಮೂಸಿ ನೋಡಿ ಕೊಳ್ಳುವಷ್ಟರ ಮಟ್ಟಿಗೆ ಅದು ಹೆಸರಾಯಿತು. ಇಂತಹ ಎಲೆ ಬೇರುಗಳ ವಾಸನೆ ಪತಂಗವನ್ನು ದೂರವಿಟ್ಟೀತು, ಈಗಾಗಲೇ ಒಳಗಿರುವ ಮೊಟ್ಟೆಯನ್ನು ಕೊಲ್ಲದು. ಆದುದರಿಂದ ಮಳೆಗಾಲ ಕಳೆದು ನವರಾತ್ರಿಯ ಹೊತ್ತಿಗೆ ಒಮ್ಮೆ ಎಲ್ಲವನ್ನೂ ಹೊರತೆಗೆದು ಕೊಡವಿ, ಹಿಂದಿನ ಮಡಿಕೆಯ ಗೆರೆ ತಪ್ಪಿಸಿ ಬೇರೆ ರೀತಿಯಲ್ಲಿ ಮಡಿಸಿಡಬೇಕು.

ನುಸಿಗುಳಿಗೆಯನ್ನು ಬಳಸುವವರು ಅದನ್ನು ಕಾಗದದಲ್ಲಿ ಸುತ್ತಿ ಬಟ್ಟೆಗಳ ಮೇಲೆ ಇಡತಕ್ಕದ್ದು, ಅಡಿಯಲ್ಲಲ್ಲ. ಅದರ ಆವಿ ಗಾಳಿಗಿಂತ ಭಾರವಾದುದರಿಂದ ಕೆಳಮುಖವಾಗಿ ಇಳಿಯುತ್ತದೆ. ಪೆಪ್ಪರಮೆಂಟಿನಂತೆ ಕಾಣುವ ಅದು ಮಕ್ಕಳ ಕೈಗೆ ಸಿಕ್ಕದಿರಲಿ. ಇದಕ್ಕಿಂತಲೂ ಗಂಭೀರವಾದ ವಿಷಯ ಇನ್ನೊಂದಿದೆ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟುವ ಶಿಶುಗಳುಂಟು. ನೋಡಿದರೆ ಎಲ್ಲ ಮಕ್ಕಳಂತೆಯೇ ಇರುತ್ತವೆ. ನುಸಿಗುಳಿಗೆಯೊಡನೆ ಇಟ್ಟಿದ್ದ ಉಣ್ಣೆಯ ಬಟ್ಟೆಯನ್ನು ತೊಡಿಸಿದರೆ, ಅದರ ಆವಿ ಚರ್ಮದಿಂದಲೂ ಉಸಿರಿನಿಂದಲೂ ಒಳಸೇರಿ ಅಂತಹ ಶಿಶುವಿನ ರಕ್ತಕಣಗಳು ಒಡೆಯತೊಡಗುತ್ತವೆ, ಕಾಮಾಲೆ ಏರುತ್ತದೆ, ಪ್ರಾಣಾಪಾಯವೂ ಆಗಿರುವುದುಂಟು. ಮಗು ಹುಟ್ಟಿತೆಂಬ ಸಂಭ್ರಮದಲ್ಲಿ ಹಳೆಯ ಟ್ರಂಕು ತೆರೆದು, ಅಪ್ಪ ಎಳವೆಯಲ್ಲಿ ತೊಟ್ಟಿದ್ದ ಟೋಪಿಯನ್ನೋ ಅಜ್ಜಿಯ ಶಾಲನ್ನೋ ಹಾಗೆಯೇ ತೆಗೆದು ಸುತ್ತುವುದು ನಮ್ಮ ಮನೆಗಳ ವಾಡಿಕೆ. ವಾಸನೆ ಕಿಂಚಿತ್ತಾದರೂ ಉಳಿದಿದ್ದರೆ ಆ ಬಟ್ಟೆಯನ್ನು ಶಿಶುವಿನ ಬಳಿಗೆ ತರಲೇಬಾರದು. ಮಕ್ಕಳ ಟೋಪಿ, ಕಾಲುಚೀಲ, ಸ್ವೆಟರುಗಳಿಗೆ ಮೊದಲಿನಿಂದಲೂ ಬೇರೆಯೇ ಒಂದು ಡಬ್ಬಿ ಇರಲಿ; ಅದರೊಳಗೆ ಒಣಗಿದ ಬೇವಿನ ಎಲೆಯಲ್ಲದೆ ಮತ್ತೇನನ್ನೂ ಇಡಬೇಡಿ.